ತುಂಬಿದ ಡಿಸ್ಕು, ಸುಳ್ಳು ಗಂಟೆ

1992ರಲ್ಲಿ ಮ್ಯಾಂಚೆಸ್ಟರ್ ಕಂಪ್ಯೂಟಿಂಗ್ ಸೆಂಟರ್‌ನ ಓವನ್ ಲೆ ಬ್ಲಾಂಕ್ ಹೊರತಂದ ‘ಎಂಸಿಸಿ ಇಂಟರಿಮ್ ಲಿನಕ್ಸ್’, ಲಿನಕ್ಸ್‌ನ ಮೊದಮೊದಲ ವಿತರಣೆಗಳಲ್ಲೊಂದು. ಅದು ಬಳಕೆದಾರರನ್ನು ತಲುಪಿದ್ದು ಫ್ಲಾಪಿಯ ಡಿಸ್ಕ್ ಇಮೇಜ್‌ಗಳಾಗಿ. ಫ್ಲಾಪಿ ಮೂಲೆ ಸೇರಿತು, ಇಮೇಜ್ ಉಳಿಯಿತು.

ಇಂದಿನ ಉಬುಂಟುವಿನಲ್ಲಿ ಒಂದೊಂದು ಸ್ನ್ಯಾಪ್ ತಂತ್ರಾಂಶವೂ ಸ್ಕ್ವಾಶ್‌ಎಫ್‌ಎಸ್ ಎಂಬ, ಓದಲಷ್ಟೇ ಬರುವ ಇಮೇಜ್ ಆಗಿ ಮೌಂಟ್ ಆಗುತ್ತದೆ. ಅದರಲ್ಲಿ ಖಾಲಿ ಜಾಗ ಇರುವುದಿಲ್ಲ, ಇರಬೇಕಾಗಿಯೂ ಇಲ್ಲ. ಹಾಗಾಗಿ ಹುಟ್ಟಿದಂದಿನಿಂದಲೇ ಶೇ 100 ಭರ್ತಿ! ನಿಗಾ ತಂತ್ರಾಂಶಕ್ಕೆ ಇದನ್ನು ಹೇಳಿಕೊಡದಿದ್ದರೆ ನಡುರಾತ್ರಿ ‘ಡಿಸ್ಕ್ ತುಂಬಿದೆ’ ಎಂದು ಸಿಬ್ಬಂದಿಯ ಫೋನ್ ಕಿರುಚುತ್ತದೆ. ಹತ್ತು ಸಲ ಸುಳ್ಳು ಕೂಗಿದ ಅಲಾರಂಗೆ ಹನ್ನೊಂದನೆಯ ಸಲ ಯಾರೂ ಏಳುವುದಿಲ್ಲ. ಅಂದು ತುಂಬಿದ್ದು ಡೇಟಾಬೇಸ್‌ನ ಡಿಸ್ಕೇ ಆಗಿರಬಹುದು.

ಓದಲಷ್ಟೇ ಬರುವ ಇಂಥ ಇಮೇಜ್‌ಗಳನ್ನು ನಿಗಾದಿಂದ ಹೊರಗಿಡಲೇಬೇಕು. ನಿಗಾ ತಂತ್ರಾಂಶ ಪ್ರಾಮಿಥಿಯಸ್‌ನ ನೋಡ್ ಎಕ್ಸ್‌ಪೋರ್ಟರ್ ಸ್ಕ್ವಾಶ್‌ಎಫ್‌ಎಸ್ ಅನ್ನೂ ಸಿ.ಡಿ.ಗಳ ಐಎಸ್‌ಒ 9660 ಅನ್ನೂ ತಾನಾಗಿಯೇ ಬಿಟ್ಟುಬಿಡುತ್ತದೆ.

ಆದರೆ ಇಮೇಜ್‌ಗಳನ್ನು ಡಿಸ್ಕಿನಂತೆ ಕಾಣಿಸುವ ಲೂಪ್ ಸಾಧನಗಳನ್ನೆಲ್ಲ ಒಂದೇ ಏಟಿಗೆ ಪಟ್ಟಿಯಿಂದ ಕಿತ್ತುಹಾಕುವುದು ಶುದ್ಧ ಸೋಮಾರಿತನ. ಬರೆಯಬಹುದಾದ ಇಮೇಜ್ ಕೂಡ ಲೂಪ್ ಮೂಲಕವೇ ಮೌಂಟ್ ಆದೀತು, ಅದು ನಿಜಕ್ಕೂ ತುಂಬೀತು. ಹೊರಗಿಡುವ ನಿಯಮವು ಸಾಧನದ ಹೆಸರಿನ ಬದಲು ಫೈಲ್ ಸಿಸ್ಟಮ್‌ನ ಬಗೆಯನ್ನೂ, ಅದಕ್ಕೆ ಬರೆಯಲು ಅನುಮತಿ ಇದೆಯೇ ಎಂಬುದನ್ನೂ ನೋಡಬೇಕು.