ದೋಣಿಗೆ ಅಂಟಿದ ಮರದ ಅಂಟು

ಮಕ್ಕಳೇ, ಹಲಸಿನ ಹಣ್ಣು ಬಿಡಿಸುವ ಮೊದಲು ಅಜ್ಜಿ ಕೈಗೂ ಕತ್ತಿಗೂ ಕೊಬ್ಬರಿ ಎಣ್ಣೆ ಸವರುವುದನ್ನು ನೋಡಿದ್ದೀರಲ್ಲ? ಅದು ನನಗೆ ನೆನಪಾದದ್ದು ಅಮೆರಿಕದ ಸಿಯಾಟಲ್‌ನಲ್ಲಿ, ಅದೂ ಕೆಲಸ ಕೆಟ್ಟ ಮೇಲೆ.

ಅಲ್ಲಿ ಮಗಳ ಮನೆಯ ಹಿತ್ತಲಲ್ಲಿ ಅಳಿಯನ ಪುಟ್ಟ ಹಾಯಿದೋಣಿ ಡಗ್ಲಸ್ ಫರ್ ಮರದ ಕೆಳಗೆ ನಿಂತಿತ್ತು. ಬಿಳಿ ಮೈಯ ಮೇಲೆಲ್ಲ ಜೇನು ಬಣ್ಣದ ಅಂಟಿನ ಹನಿಗಳು. ಭಾನುವಾರ ವಾಷಿಂಗ್ಟನ್ ಸರೋವರಕ್ಕೆ ಹೋಗುವುದೆಂದು ಹತ್ತು ವರ್ಷದ ಮೊಮ್ಮಗ ದಿನ ಎಣಿಸುತ್ತಿದ್ದ. ಅವರಪ್ಪ ಬರುವುದರೊಳಗೆ ದೋಣಿಯನ್ನು ಥಳಥಳ ಮಾಡಿಬಿಡೋಣ ಎಂದು ಹುರಿದುಂಬಿಸಿದವನು ನಾನೇ.

ಸೋಪುನೀರು ಹಾಕಿ ಉಜ್ಜಿದೆವು. ಅಂಟು ಜಗ್ಗಲಿಲ್ಲ. ಅಡುಗೆಮನೆಯ ಚಾಕು ತಂದು ಕೆರೆದೆ. ಹನಿಯೇನೋ ಹಾರಿತು, ಜೊತೆಗೆ ಗೇಣುದ್ದ ಗೀರು ಬಿತ್ತು! ಫೈಬರ್‌ಗ್ಲಾಸ್ ದೋಣಿಯ ಹೊಳಪೆಲ್ಲ ಇರುವುದು ಜೆಲ್‌ಕೋಟ್ ಎಂಬ ಮೇಲ್ಪದರದಲ್ಲಿ. ಅದರ ದಪ್ಪ ಹೆಚ್ಚುಕಡಿಮೆ ಅರ್ಧ ಮಿಲಿಮೀಟರ್ ಅಷ್ಟೇ. ಲೆಡ್ಜರಿನ ತಪ್ಪನ್ನು ಬ್ಲೇಡಿನಿಂದ ಹೆರೆಯಬೇಡಿ, ಗೆರೆ ಎಳೆದು ಸಹಿ ಹಾಕಿ ಎಂದು ಬ್ಯಾಂಕಿನಲ್ಲಿ ಹೊಸಬರಿಗೆ ಹೇಳುತ್ತಿದ್ದವನ ಗತಿ ಇದು.

"ತಾತ, ಅಪ್ಪನಿಗೆ ಹೇಳೋದು ಬೇಡ" ಎಂದ ಮೊಮ್ಮಗ ಮೆಲ್ಲಗೆ. ನನಗೂ ಒಂದು ಕ್ಷಣ ಹಾಗೇ ಅನ್ನಿಸಿತ್ತು. ಆದರೂ ಫೋನ್ ಮಾಡಿದೆ. ಅಳಿಯ ಒಂದು ಗಳಿಗೆ ಸುಮ್ಮನಿದ್ದು, "ಗ್ಯಾರೇಜಿನಲ್ಲಿ ಐಸೊಪ್ರೊಪೈಲ್ ಆಲ್ಕೊಹಾಲ್ ಇದೆ ಮಾವ, ಚಾಕು ಒಳಗಿಟ್ಟುಬಿಡಿ" ಎಂದ.

ಆಗ ಹಲಸು ನೆನಪಾಯಿತು. ಅಲ್ಲೂ ನೀರು ಉಪಯೋಗಕ್ಕೆ ಬಾರದು, ಎಣ್ಣೆಯೇ ಬೇಕು. ಫರ್ ಮರ ತನಗೆ ಗಾಯವಾದರೆ ಹುಳು, ಬೂಷ್ಟು ಒಳನುಗ್ಗದಂತೆ ಈ ರಾಳ ಸುರಿಸಿ ಮುಚ್ಚಿಕೊಳ್ಳುತ್ತದೆ. ಮಳೆಗೆ ಕರಗುವ ಪಟ್ಟಿ ಕಟ್ಟಿಕೊಂಡರೆ ಮರಕ್ಕೇನು ಪ್ರಯೋಜನ? ಅದಕ್ಕೇ ಅದು ನೀರಿಗೆ ಬಗ್ಗದು. ಎಣ್ಣೆಗೆ ಮೆದುವಾಗುತ್ತದೆ, ಆಲ್ಕೊಹಾಲಿಗೆ ಕರಗುತ್ತದೆ.

ಈ ದ್ರವ ಬೇಗ ಬೆಂಕಿ ಹಿಡಿಯುತ್ತದೆ, ಆದ್ದರಿಂದ ಬಯಲಲ್ಲಿ, ಗ್ಲೌಸ್ ಹಾಕಿಕೊಂಡು ನಾನೇ ಸುರಿದೆ. ಕಣ್ಣಿಗೆ ಬೀಳದ ಮೂಲೆಯಲ್ಲಿ ಮೊದಲು ಪರೀಕ್ಷೆ. ನೆನೆಸಿದ ಬಟ್ಟೆಯನ್ನು ಹನಿಯ ಮೇಲೆ ಒಂದು ನಿಮಿಷ ಒತ್ತಿ ಹಿಡಿದು ಒರೆಸಿದರೆ ಬಂದೇಬಂತು. ಪ್ರತಿ ಸಲವೂ ಬಟ್ಟೆಯ ಹೊಸ ಮಗ್ಗುಲು ತಿರುಗಿಸಬೇಕು, ಇಲ್ಲದಿದ್ದರೆ ಒಂದು ಕಡೆಯ ಅಂಟು ನಾಲ್ಕು ಕಡೆ ಹರಡುತ್ತದೆ. ಹಳೇ ಹನಿಗಳಿಗೆ ಮೂರು ನಾಲ್ಕು ಸುತ್ತು ಬೇಕಾಯಿತು. ಆಮೇಲೆ ಸೋಪುನೀರಿನಲ್ಲಿ ತೊಳೆದು, ಒಣಗಿಸಿ, ಉಜ್ಜಿದ ಕಡೆಯೆಲ್ಲ ಹೊಸದಾಗಿ ವ್ಯಾಕ್ಸ್ ಹಚ್ಚಿದೆವು. ಮೊಮ್ಮಗನ ಕೂದಲಿಗೆ ಅಂಟಿದ್ದಕ್ಕೆ ಮಾತ್ರ ಕೊಬ್ಬರಿ ಎಣ್ಣೆಯೇ.

ಭಾನುವಾರ ದೋಣಿ ನೀರಿಗಿಳಿಯಿತು. ವಾಪಸು ಬಂದ ಮೇಲೆ ಅಳಿಯ ಅದನ್ನು ಮರದ ಕೆಳಗೆ ನಿಲ್ಲಿಸಲಿಲ್ಲ. ಗೀರು ತುಂಬುವುದಕ್ಕೂ ಒಂದು ಪೇಸ್ಟ್ ಸಿಗುತ್ತದೆ. ಅವನು ಇನ್ನೂ ಹಚ್ಚಿಲ್ಲ.