ಮಗುವಿನ ಪಾಲಿನ ಹಣ ಯಾರ ಕೈಯಲ್ಲಿರಬೇಕು?

ಅಂಗವೈಕಲ್ಯವುಳ್ಳ ಮಗುವಿನ ಆರೈಕೆಗೆಂದು ಸರ್ಕಾರ ತೆಗೆದಿರಿಸುವ ಹಣವನ್ನು ಖರ್ಚು ಮಾಡುವ ಅಧಿಕಾರ ಯಾರದು? ಇಲಾಖೆಯದೇ, ಸಂಸ್ಥೆಗಳದೇ, ಅಥವಾ ಆ ಮಗುವನ್ನು ಹಗಲಿರುಳು ನೋಡಿಕೊಳ್ಳುವ ತಂದೆತಾಯಿಗಳದೇ? ಈ ಪ್ರಶ್ನೆಗೆ ಆಸ್ಟ್ರೇಲಿಯಾ ದೇಶವು 2013ರಲ್ಲಿ ಕಾನೂನನ್ನೇ ಮಾಡಿ ಉತ್ತರ ಕೊಟ್ಟಿತು. ರಾಷ್ಟ್ರೀಯ ಅಂಗವೈಕಲ್ಯ ವಿಮಾ ಯೋಜನೆ ಎಂದು ಅದರ ಹೆಸರು. ಅಲ್ಲಿಯವರ ಬಾಯಲ್ಲಿ ಎನ್.ಡಿ.ಐ.ಎಸ್. ವಿಮೆ ಎಂಬ ಶಬ್ದವಿದ್ದರೂ ಯಾರೂ ಪಾಲಿಸಿ ಕೊಳ್ಳಬೇಕಾಗಿಲ್ಲ. ಕುಟುಂಬದ ಆದಾಯವೆಷ್ಟು ಎಂದೂ ಕೇಳುವುದಿಲ್ಲ. ಅರ್ಹತೆ ದೊರೆತ ಮಗುವಿನ ಅಗತ್ಯಗಳನ್ನು ಪರಿಶೀಲಿಸಿ, ಇಂತಿಷ್ಟು ಹಣವೆಂದು ಅದರ ಹೆಸರಿನಲ್ಲಿಯೇ ನಿಗದಿ ಮಾಡುತ್ತಾರೆ.

ನನಗೆ ಕುತೂಹಲ ಹುಟ್ಟಿಸಿದ್ದು ಮುಂದಿನ ಹಂತ. ಆ ಹಣವನ್ನು ಸರ್ಕಾರದ ಸಂಸ್ಥೆಯೇ ನಿರ್ವಹಿಸಲಿ ಎಂದು ತಂದೆತಾಯಿಗಳು ಬಿಟ್ಟುಬಿಡಬಹುದು; ಆಗ ನೋಂದಾಯಿತ ಸಂಸ್ಥೆಗಳಿಂದ ಮಾತ್ರವೇ ಸೇವೆ. ಇಲ್ಲವೇ, ತಾವೇ ನಿರ್ವಹಿಸುತ್ತೇವೆ ಎನ್ನಬಹುದು. ಹಾಗೆಂದವರು ಫಿಸಿಯೋಥೆರಪಿಯವರನ್ನು ತಾವೇ ಆರಿಸಿಕೊಳ್ಳಬಹುದು, ಮಗುವಿಗೆ ಹೊಂದಿಕೆಯಾದ ಸಹಾಯಕಿಯೊಬ್ಬಳನ್ನು ನೇರವಾಗಿ ಕೆಲಸಕ್ಕೆ ಇಟ್ಟುಕೊಳ್ಳಬಹುದು, ದರವನ್ನೂ ಮಾತಾಡಿಕೊಳ್ಳಬಹುದು.

ತತ್ತ್ವದ ಮಟ್ಟಿಗೆ ನಾನು ಇದರ ಪರವಾಗಿದ್ದೇನೆ. ಮಾತು ಬಾರದ ಮಗು ಯಾರ ಕೈಯಿಂದ ಊಟ ಮಾಡುತ್ತದೆ, ಯಾರನ್ನು ಕಂಡರೆ ಮುಖ ತಿರುಗಿಸುತ್ತದೆ ಎಂಬುದು ತಾಯಿಗೆ ಗೊತ್ತಿರುವಷ್ಟು ಯಾವ ಕಡತಕ್ಕೂ ಗೊತ್ತಿರುವುದಿಲ್ಲ. ಹಣ ಕೊಟ್ಟರೆ ದುರುಪಯೋಗವಾಗುತ್ತದೆ ಎಂಬ ವಾದವನ್ನು ನಾನು ಮೊದಲಿನಿಂದಲೂ ಒಪ್ಪಿದವನಲ್ಲ. ಸಂಸ್ಥೆಗಳ ಕೈಗೆ ಹೋದ ಹಣವೆಲ್ಲವೂ ಸದುಪಯೋಗವಾಯಿತೆಂದು ಎದೆ ತಟ್ಟಿ ಹೇಳುವವರು ಯಾರಿದ್ದಾರೆ?

ನನ್ನ ತಕರಾರು ಬೇರೆಯದು. ಹಣದ ಜೊತೆಗೆ ಲೆಕ್ಕವೂ ಮನೆಗೆ ಬರುತ್ತದೆ. ಸ್ವತಃ ನಿರ್ವಹಿಸುವ ಕುಟುಂಬ ರಸೀದಿಗಳನ್ನು ಐದು ವರ್ಷ ಕಾಪಾಡಬೇಕು. ಕೆಲಸಕ್ಕೆ ಇಟ್ಟುಕೊಂಡವರ ತೆರಿಗೆ, ನಿವೃತ್ತಿ ವಂತಿಗೆಗಳನ್ನು ನೋಡಿಕೊಳ್ಳಬೇಕು. ಪ್ರತಿಯೊಂದು ಖರ್ಚೂ ಕಾನೂನು ಹೇಳುವಂತೆ 'ಸಮಂಜಸ ಮತ್ತು ಅಗತ್ಯ' ಎಂದು ತೋರಿಸಲು ಸಿದ್ಧರಿರಬೇಕು. ರಾತ್ರಿ ಮೂರು ಬಾರಿ ಎದ್ದು ಮಗುವನ್ನು ಮಗ್ಗುಲು ಬದಲಿಸಿದ ತಾಯಿ ಬೆಳಿಗ್ಗೆ ಗುಮಾಸ್ತೆಯೂ ಆಗಬೇಕು. ಶಾಲೆಯಲ್ಲಿದ್ದಾಗ ವಿದ್ಯಾರ್ಥಿವೇತನದ ಅರ್ಜಿಗಳನ್ನು ಮೂರು ದಶಕ ತುಂಬಿಸಿದವನು ನಾನು. ಅರ್ಜಿ ಬರೆಯಬಲ್ಲ ತಂದೆಯ ಮಗನಿಗೆ ಹಣ ಬಂತು. ಹೆಬ್ಬೆಟ್ಟಿನ ತಂದೆಯ ಮಗನಿಗೆ, ಯಾರಾದರೂ ಜೊತೆಗೆ ಕುಳಿತು ಬರೆದುಕೊಟ್ಟರೆ ಮಾತ್ರ ಬಂತು. ದೇಶ ಯಾವುದಾದರೇನು, ಅರ್ಜಿಯ ಸ್ವಭಾವ ಒಂದೇ. (ಆಸ್ಟ್ರೇಲಿಯಾದಲ್ಲಿರುವ ನಮ್ಮವರು ಗಮನಿಸಬೇಕಾದ ಮಾತೊಂದಿದೆ: ಬರಿಯ ತಾತ್ಕಾಲಿಕ ವೀಸಾದ ಮೇಲೆ ಅಲ್ಲಿ ದುಡಿಯುತ್ತಿರುವ ಕುಟುಂಬದ ಮಗುವಿಗೆ ಸಾಮಾನ್ಯವಾಗಿ ಈ ಯೋಜನೆ ದಕ್ಕುವುದಿಲ್ಲ.)

ಅಲ್ಲಿಯವರು ಇದಕ್ಕೊಂದು ಮಧ್ಯಮಾರ್ಗವನ್ನೂ ಕಂಡುಕೊಂಡಿದ್ದಾರೆ. ಲೆಕ್ಕಪತ್ರ ನೋಡಲು ಒಬ್ಬ ನಿರ್ವಾಹಕ, ಆಯ್ಕೆ ಮಾತ್ರ ಕುಟುಂಬದ್ದು. ಆ ನಿರ್ವಾಹಕನ ಶುಲ್ಕವನ್ನು ಮಗುವಿನ ಥೆರಪಿಯ ಪಾಲಿನಿಂದ ಕಿತ್ತುಕೊಳ್ಳದೆ ಪ್ರತ್ಯೇಕವಾಗಿ ಕೊಡುತ್ತಾರೆ. ಇಡೀ ಯೋಜನೆಯಲ್ಲಿ ನನಗೆ ಅತ್ಯಂತ ವಿವೇಕದ್ದೆಂದು ಕಂಡದ್ದು ಇದೇ. ಆದರೆ ವೆಚ್ಚ ಏರುತ್ತಾ ಹೋದಂತೆ ಸರ್ಕಾರದ ಮುಷ್ಟಿಯೂ ಬಿಗಿಯಾಗಿದೆ. 2024ರ ಅಕ್ಟೋಬರಿನಿಂದ ಯಾವುದಕ್ಕೆ ಖರ್ಚು ಮಾಡಬಹುದು, ಯಾವುದಕ್ಕೆ ಕೂಡದು ಎಂಬ ಪಟ್ಟಿಗಳು ಜಾರಿಗೆ ಬಂದಿವೆ. ಬೆಳವಣಿಗೆಯ ವಿಳಂಬ, ಆಟಿಸಂ ಇವು ಅಷ್ಟು ತೀವ್ರವಲ್ಲದ ಚಿಕ್ಕ ಮಕ್ಕಳನ್ನು ಬೇರೊಂದು ವ್ಯವಸ್ಥೆಗೆ ಸಾಗಿಸುವುದಾಗಿ 2025ರ ಆಗಸ್ಟಿನಲ್ಲಿ ಅಲ್ಲಿನ ಸಚಿವರು ಪ್ರಕಟಿಸಿದರು. ಕೊಟ್ಟ ಕೈ ಹಿಂದೆಗೆದುಕೊಳ್ಳುವಾಗ ಮೊದಲು ಹೋಗುವುದು ಆಯ್ಕೆಯ ಸ್ವಾತಂತ್ರ್ಯವೇ.

ಇನ್ನು ನಮ್ಮ ಕಡೆಯ ಸಂಗತಿ. ಸಮಗ್ರ ಶಿಕ್ಷಣ ಯೋಜನೆಯಲ್ಲಿ ವಿಶೇಷ ಅಗತ್ಯವುಳ್ಳ ಪ್ರತಿ ಮಗುವಿಗೆ ವರ್ಷಕ್ಕೆ 3,500 ರೂಪಾಯಿಯವರೆಗೆ ಎಂಬ ಲೆಕ್ಕವಿದೆ. ಅದರಲ್ಲಿ ಬಹುಪಾಲು ಸಾಧನ ಸಲಕರಣೆ, ಶಿಬಿರಗಳಿಗೆ ಇಲಾಖೆಯ ಮೂಲಕವೇ ಖರ್ಚಾಗುತ್ತದೆ. ಮಗುವಿಗೆ ಬೇಕಾದದ್ದು ಏನೆಂದು ಮನೆಯವರು ನಿರ್ಧರಿಸುವ ಪ್ರಶ್ನೆಯೇ ಏಳುವುದಿಲ್ಲ. ಆಟಿಸಂ, ಸೆರೆಬ್ರಲ್ ಪಾಲ್ಸಿ, ಬುದ್ಧಿಮಾಂದ್ಯ ಮತ್ತು ಬಹುವಿಧ ವೈಕಲ್ಯವುಳ್ಳವರಿಗೆ ಇರುವ ನಿರಾಮಯ ವಿಮೆ ವರ್ಷಕ್ಕೆ ಒಂದು ಲಕ್ಷ ರೂಪಾಯಿಯವರೆಗೆ ಕೊಡುತ್ತದೆ. ಥೆರಪಿಯೂ ಅದರಲ್ಲಿ ಸೇರಿದೆ. ವೈದ್ಯರನ್ನು ಆರಿಸಿಕೊಳ್ಳುವ ಸ್ವಾತಂತ್ರ್ಯವುಂಟು. ಆದರೆ ಮೊದಲು ಕೈಯಿಂದ ಹಣ ತೆತ್ತು, ಬಿಲ್ಲು ಕಳುಹಿಸಿ, ಆಮೇಲೆ ಕಾಯಬೇಕು. ಕೂಲಿ ಮಾಡುವ ತಂದೆ ಮೊದಲು ತೆರುವುದು ಎಲ್ಲಿಂದ?

ವಿಚಿತ್ರವೆಂದರೆ, ಜೊತೆಗೆ ಕುಳಿತು ಅರ್ಜಿ ಬರೆದುಕೊಡಬಲ್ಲ ಮನುಷ್ಯ ನಮ್ಮಲ್ಲಿ ಈಗಾಗಲೇ ಇದ್ದಾನೆ. ಕರ್ನಾಟಕದ ಗ್ರಾಮ ಪಂಚಾಯತಿಗಳಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರಿದ್ದಾರೆ; ಅವರಲ್ಲಿ ಅನೇಕರು ಸ್ವತಃ ವಿಕಲಚೇತನರು. ಯಾವ ಮನೆಯಲ್ಲಿ ಯಾವ ಮಗುವಿದೆ, ಯಾರಿಗೆ ಪ್ರಮಾಣಪತ್ರವಾಗಿಲ್ಲ ಎಂಬುದು ಅವರಿಗೆ ಗೊತ್ತಿರುತ್ತದೆ. ಮಗುವಿನ ಪಾಲಿನ ಹಣದಲ್ಲಿ ಒಂದು ಭಾಗವನ್ನಾದರೂ ಮುಂಗಡವಾಗಿ ತಾಯಿಯ ಖಾತೆಗೆ ಹಾಕಿ, ಲೆಕ್ಕ ಬರೆಯುವ ಹೊಣೆಯನ್ನು ಈ ಕಾರ್ಯಕರ್ತರಿಗೆ ಒಪ್ಪಿಸಿದರೆ ಹೊಸ ಇಲಾಖೆಯೊಂದನ್ನು ಕಟ್ಟುವ ಅಗತ್ಯ ಬೀಳದು. ಒಂದು ತಾಲ್ಲೂಕಿನಲ್ಲಿ ಎರಡು ವರ್ಷ ಮಾಡಿ ನೋಡಬಹುದು. ಹೊಸ ಕೆಲಸ ಹೊರಿಸುವ ಮೊದಲು ಅವರ ಸಂಭಾವನೆಯ ವಿಷಯ ಇತ್ಯರ್ಥವಾಗಬೇಕು, ಅಷ್ಟೇ. ಈಗ ಅವರಿಗೆ ಸಿಗುತ್ತಿರುವುದು ಸಂಬಳವಲ್ಲ, ಗೌರವಧನ.