ಹಸಿರು ಕಚೇರಿ: ಕರೆಂಟ್ ಉಳೀತು, ಕಿವಿ ಗತಿ?

ಹಸಿರು ಕಟ್ಟಡ ಅಂದ್ರೆ ದೊಡ್ಡ ಕಿಟಕಿ, ಅಡ್ಡಗೋಡೆ ಇಲ್ಲದ ಹಾಲ್. ಬೆಳಕು ಧಾರಾಳ, ಕರೆಂಟ್ ಬಿಲ್ ಕಮ್ಮಿ. ಸದ್ದಿನ ಲೆಕ್ಕ ಮಾತ್ರ ಯಾರೂ ಹಾಕಲ್ಲ. ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದ ಸಂಶೋಧಕರು 2006ರಲ್ಲೇ ಇದನ್ನು ಹೇಳಿದ್ದರು: ನೌಕರರು ಹಸಿರು ಕಚೇರಿಯ ಗಾಳಿಯನ್ನು ಮೆಚ್ಚಿದರು, ಸದ್ದಿನ ವಿಷಯದಲ್ಲಿ ಅದು ಮಾಮೂಲಿ ಕಟ್ಟಡಕ್ಕಿಂತ ಮೇಲು ಅನ್ನಲಿಲ್ಲ.

ಕಾರಣ ಸರಳ. ಟೈಲ್ಸ್, ಗಾಜು, ಕಾಂಕ್ರೀಟ್ ಸದ್ದನ್ನು ಹೀರಲ್ಲ, ವಾಪಸ್ ಎಸೀತವೆ. ಗಾಳಿಗೆಂದು ಕಿಟಕಿ ತೆಗೆದರೆ ಬಸ್ ಹಾರ್ನೂ ಒಳಗೆ. ತಾಲ್ಲೂಕು ಕಚೇರಿಗೂ ಇದೇ ಮಾದರಿ ಬಂದರೆ ಗುಮಾಸ್ತರು ಕೂಗಬೇಕು, ಆದಾಯ ಪ್ರಮಾಣಪತ್ರಕ್ಕೆ ಬಂದ ಅಜ್ಜಿಯ ಮನೆ ಸಂಕಟ ಇಡೀ ಸಾಲಿಗೆ ಕೇಳಬೇಕು.

ಚಾವಣಿಗೆ ತೆಂಗಿನ ನಾರಿನ ಹಲಗೆ, ಕೌಂಟರ್ ನಡುವೆ ಬಟ್ಟೆ ಹೊದಿಸಿದ ಅಡ್ಡತಡೆ ಹಾಕಿದ್ರೂ ಗದ್ದಲ ಎಷ್ಟೋ ಇಳಿಯುತ್ತೆ. ಇದು ನಕ್ಷೆಯಲ್ಲೇ ಸೇರಬೇಕು. ಉದ್ಘಾಟನೆ ಆದ್ಮೇಲೆ ಅಂದ್ರೆ ಮತ್ತೆ ಟೆಂಡರ್.